ಅಮ್ಮ ತೋಟಕ್ಕೂ ಇಳಿಯುತ್ತಿಲ್ಲ ಎಂದು ತೀರ್ಥಹಳ್ಳಿಯಿಂದ ಕೇಳಿದವರಿಗೆ
ಅಪ್ಪ ತೀರಿಕೊಂಡ ಮೇಲೆ ಎಂಟು ತಿಂಗಳಿಂದ ಅಮ್ಮ ಯಾರ ಜೊತೆಗೂ ಮಾತಾಡುತ್ತಿಲ್ಲ ಅಂದರೆ ಅದು ಬರೀ ವಯಸ್ಸಿನ ದಣಿವಲ್ಲ, ಖಿನ್ನತೆ ಇರಬಹುದು. ಥೈರಾಯ್ಡ್ ತೊಂದರೆ, ವಿಟಮಿನ್ ಬಿ12 ಕೊರತೆಯಲ್ಲೂ ಹೀಗಾಗುತ್ತದೆ. ಮೊದಲು ರಕ್ತ ಪರೀಕ್ಷೆ ಮಾಡಿಸಿ. ಆಮೇಲೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯರಿಗೆ ತೋರಿಸಿ. ಮಾತ್ರೆ ಬೇಕೋ, ಕೌನ್ಸೆಲಿಂಗ್ ಸಾಕೋ ಅವರೇ ನೋಡಿ ಹೇಳಬೇಕು.

ನಮ್ಮ ಅತ್ತೆಗೆ ಜಾಸ್ತಿ ಉಪಯೋಗ ಆದದ್ದು ಬಿಹೇವಿಯರಲ್ ಆಕ್ಟಿವೇಶನ್ ಎಂಬ ಥೆರಪಿ. ಮನಸ್ಸು ಬರಲಿ ಅಂತ ಕಾಯದೆ ಸಣ್ಣ ಕೆಲಸ ಶುರು ಮಾಡುವುದು. ವಯಸ್ಸಾದವರಿಗೆ ಇದರಿಂದ ಉಪಯೋಗ ಆಗುತ್ತದೆ ಅಂತ ಸಂಶೋಧನೆಗಳೂ ಹೇಳುತ್ತವೆ. "ಹೊರಗೆ ಹೋಗಮ್ಮಾ" ಅಂತ ಸುಮ್ನೆ ಹೇಳಬೇಡಿ, ದಿನ, ಹೊತ್ತು ಗೊತ್ತು ಮಾಡಿ. ಮಂಗಳವಾರ ನಾಲ್ಕಕ್ಕೆ ಪಕ್ಕದ ಮನೆಯವರ ಜೊತೆ ಹೂ ಕಟ್ಟುವುದು, ಅಷ್ಟೇ. ಮಳೆ ಹಿಡಿದರೆ ಅವರನ್ನೇ ಮನೆಗೆ ಕರೆಯಿರಿ.

ಬದುಕೇ ಬೇಡ ಎಂಬ ಮಾತು ಬಂದರೆ ಒಂದು ದಿನವೂ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಇರುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.