ತೀರ್ಥಹಳ್ಳಿಯಿಂದ ಧಾರಾವಾಹಿಗೆ: ಈಗಲೇ ಬೆಂಗಳೂರಿಗೆ ಹೋಗಬೇಕಾ?

ತೀರ್ಥಹಳ್ಳಿಯಲ್ಲಿ ಡಿಗ್ರಿ ಮುಗಿದಿದೆ, ಧಾರಾವಾಹಿಯಲ್ಲಿ ನಟಿಸುವ ಆಸೆ ಇದೆ, ಈಗಲೇ ಬೆಂಗಳೂರಿಗೆ ಹೋಗಲಾ ಅಂತ ಕೇಳಿದ್ದೀರಿ. ಈಗಲೇ ಬೇಡ. ಮೊದಲು ಸಾಗರದ ಹತ್ತಿರದ ಹೆಗ್ಗೋಡಿಗೆ ಹೋಗಿ, ಅಲ್ಲಿಯ ನೀನಾಸಂನಲ್ಲಿ ನಾಟಕ ಕಲಿಯಿರಿ.

ನಾನು ಸಾಗರದ ಕಡೆಯವನು. ಧಾರಾವಾಹಿಗಳಲ್ಲಿ ಪೋಷಕ ಪಾತ್ರ ಮಾಡುತ್ತೇನೆ. ಚಿಕ್ಕಪ್ಪ, ಲಾಯರ್, ನಾಯಕಿಯ ಅಪ್ಪ, ಹೀಗೆ. ಸಂಸಾರ ನಡೆಯುವುದು ಇದರಿಂದಲೇ, ಈ ಕೆಲಸ ನನಗೆ ತುಂಬಾ ಇಷ್ಟ.

ಹೆಗ್ಗೋಡು ಯಾಕೆ ಅಂದರೆ, ಡೈಲಿ ಸೀರಿಯಲ್ ಸೆಟ್ಟಿನಲ್ಲಿ ನಿಮಗೆ ಕಲಿಸುವಷ್ಟು ಪುರುಸೊತ್ತು ಯಾರಿಗೂ ಇರುವುದಿಲ್ಲ. ವಾರಕ್ಕೆ ಐದಾರು ಎಪಿಸೋಡ್ ಹೋಗಲೇಬೇಕು. ಎಷ್ಟೋ ಸಲ ಸೀನ್ ಪೇಪರ್ ಕೈಗೆ ಬರುವುದು ಮೇಕಪ್‌ಗೆ ಕೂತಾಗ. ಸಾಲು ಮರೆತರೆ ಕ್ಯಾಮೆರಾ ಪಕ್ಕದಿಂದ ಅಸಿಸ್ಟೆಂಟ್ ಡೈರೆಕ್ಟರ್ ಪ್ರಾಂಪ್ಟ್ ಮಾಡುತ್ತಾರೆ. ಹೊಸಬರ ಕಣ್ಣು ಆಗ ಆ ಕಡೆ ಓಡುತ್ತದೆ, ಕ್ಲೋಸಪ್‌ನಲ್ಲಿ ಅದು ಎದ್ದು ಕಾಣುತ್ತದೆ. ಮಾತು ಕಿವಿಗೆ ಬಿದ್ದ ಕೂಡಲೇ ಅರ್ಥ ಹಿಡಿದು, ಎದುರಿಗಿದ್ದವರ ಮುಖ ನೋಡಿ ಹೇಳುವ ಅಭ್ಯಾಸ ಮೊದಲೇ ಆಗಿರಬೇಕು. ಮಾತಿಲ್ಲದಾಗ ಇನ್ನೂ ಕಷ್ಟ. ಮನೆಮಂದಿಯೆಲ್ಲ ಜಗಳ ಆಡುವ ಸೀನಿನಲ್ಲಿ ನಿಮ್ಮ ಪಾಲಿಗೆ ಒಂದೇ ಸಾಲು ಇರಬಹುದು. ಆದರೆ ರಿಯಾಕ್ಷನ್ ಶಾಟ್, ಅಂದರೆ ಬೇರೆಯವರ ಮಾತು ಕೇಳುವಾಗಿನ ಮುಖ, ಎಲ್ಲರದ್ದೂ ತೆಗೆಯುತ್ತಾರೆ. ಕೇಳಿಸಿಕೊಳ್ಳುವುದಕ್ಕೆ ಬರುವವರನ್ನು ನಿರ್ದೇಶಕರು ಮತ್ತೆ ಮತ್ತೆ ಕರೆಯುತ್ತಾರೆ.

ಇದನ್ನು ಕಲಿಯುವ ಜಾಗ ನಿಮ್ಮ ಜಿಲ್ಲೆಯಲ್ಲೇ ಇದೆ. ಕೆ.ವಿ. ಸುಬ್ಬಣ್ಣನವರು 1949ರಲ್ಲಿ ಗೆಳೆಯರ ಜೊತೆ ಕಟ್ಟಿದ ನೀನಾಸಂ, 1980ರಿಂದ ರಂಗಶಿಕ್ಷಣ ಕೇಂದ್ರ ನಡೆಸುತ್ತಿದೆ. ಅಲ್ಲಿ ನಟನೆ ಒಂದೇ ಅಲ್ಲ, ಬೆಳಕು, ಪ್ರಸಾಧನ, ರಂಗಸಜ್ಜಿಕೆ ಎಲ್ಲಕ್ಕೂ ಕೈ ಹಾಕಬೇಕು. ಅಚ್ಯುತ್ ಕುಮಾರ್ ಅವರನ್ನು ನೋಡಿ. ನೀನಾಸಂನಲ್ಲಿ ಕಲಿತವರು, ಧಾರಾವಾಹಿ ಮಾಡಿದವರು, ಇವತ್ತು ಸಿನಿಮಾದಲ್ಲಿ ಪೋಷಕ ಪಾತ್ರಗಳಿಂದಲೇ ಇಡೀ ರಾಜ್ಯಕ್ಕೆ ಗೊತ್ತು. ರಂಗಭೂಮಿಯಿಂದ ಬಂದವರಿಗೆ ಒಂದು ತಿದ್ದುಪಡಿ ಬೇಕಾಗುತ್ತದೆ, ನಿಜ. ಹಿಂದಿನ ಸಾಲಿಗೆ ಮುಟ್ಟಿಸುತ್ತಿದ್ದ ದನಿಯನ್ನು ಕಾಲರ್ ಮೈಕ್‌ಗೆ ಇಳಿಸಬೇಕು. ಅದು ಬೇಗ ಆಗುತ್ತದೆ.

ಬೆಂಗಳೂರು ಆಮೇಲೆ ತಪ್ಪಿದ್ದಲ್ಲ. ಶಂಕರ್ ನಾಗ್ 'ಮಾಲ್ಗುಡಿ ಡೇಸ್' ತೆಗೆಯಲು ಆಗುಂಬೆಗೇ ಬಂದಿದ್ದರು, ಅರಸಾಳು ಸ್ಟೇಷನ್ನೇ ಮಾಲ್ಗುಡಿ ಸ್ಟೇಷನ್ ಆಯಿತು. ಆದರೆ ದಿನಾ ಪ್ರಸಾರವಾಗುವ ಧಾರಾವಾಹಿಗೆ ಇಲ್ಲಿಯ ಮಳೆಯಲ್ಲಿ ಅಷ್ಟು ದಿನ ಕೂರಲು ಆಗುವುದಿಲ್ಲ. ಕಥೆ ಮಲೆನಾಡಿನದ್ದಾದರೂ ನಾಲ್ಕು ದಿನ ಇಲ್ಲಿ ಹೊರಾಂಗಣ ಮುಗಿಸಿ, ಉಳಿದದ್ದನ್ನು ಬೆಂಗಳೂರಿನ ಶೂಟಿಂಗ್ ಮನೆಗಳಲ್ಲಿ ಮಾಡುತ್ತಾರೆ.

ಇನ್ನು ದುಡ್ಡಿನ ವಿಷಯ. ಮನೆಯಲ್ಲಿ ಅಪ್ಪ ಅಮ್ಮ ಕೇಳುವುದೇ ಇದನ್ನು, ಅಲ್ವಾ? ಸಂಭಾವನೆ ದಿನದ ಲೆಕ್ಕ. ಕರೆದ ದಿನಕ್ಕೆ ಮಾತ್ರ ಕೊಡುತ್ತಾರೆ, ಅದೂ ಸಾಮಾನ್ಯವಾಗಿ ಎರಡು ಮೂರು ತಿಂಗಳು ತಡವಾಗಿ. ಬಟ್ಟೆ ಹಲವು ಕಡೆ ನಮ್ಮದೇ. ಗುರುವಾರ ಟಿಆರ್‌ಪಿ, ಅಂದರೆ ಧಾರಾವಾಹಿಯನ್ನು ಎಷ್ಟು ಜನ ನೋಡಿದರು ಅನ್ನುವ ಲೆಕ್ಕ, ಬರುತ್ತದೆ. ಅದು ಕುಸಿದರೆ ಕಥೆಯ ಟ್ರ್ಯಾಕ್ ಬದಲಾಗುತ್ತದೆ, ನಿಮ್ಮ ಪಾತ್ರ ಸುಮ್ನೆ 'ಊರಿಗೆ ಹೋಗಿ' ವಾಪಸ್ ಬರದೇ ಇರಬಹುದು. ಒಂದು ನಿರ್ಮಾಣ ಸಂಸ್ಥೆ ನನಗೆ ಕೊಡಬೇಕಾದ ಹಣ ಇನ್ನೂ ಬಂದಿಲ್ಲ. ಹಾಗಾಗಿ ಆರು ತಿಂಗಳ ಖರ್ಚು ಕೈಯಲ್ಲಿಟ್ಟುಕೊಂಡೇ ಬಸ್ ಹತ್ತಿ. ಪಾತ್ರ ಕೊಡಿಸಲು ಮೊದಲೇ ದುಡ್ಡು ಕೇಳುವವರು ಸಿಕ್ಕೇ ಸಿಗುತ್ತಾರೆ, ಒಂದು ರೂಪಾಯಿಯನ್ನೂ ಕೊಡಬೇಡಿ.

ನಾಯಕನ ಪಾತ್ರವೇ ಬೇಕು ಅಂತ ಹಟ ಹಿಡಿಯಬೇಡಿ ಅಂತಲೂ ಹೇಳುತ್ತೇನೆ. ಒಂದು ಧಾರಾವಾಹಿಯ ನಾಯಕನನ್ನು ಜನ ಆ ಪಾತ್ರದ ಹೆಸರಿನಿಂದಲೇ ಗುರುತಿಸುತ್ತಾರೆ, ಅದು ಮುಗಿದ ಮೇಲೆ ಎಷ್ಟೋ ಜನರಿಗೆ ಮುಂದಿನದು ಸಿಗುವುದು ಕಷ್ಟ. ಪೋಷಕ ಪಾತ್ರದವರು ಒಂದೇ ಸಲ ಎರಡು ಕಡೆ ಡೇಟ್ಸ್ ಕೊಡಬಹುದು. ವಯಸ್ಸಾದಷ್ಟೂ ಪಾತ್ರಗಳು ಜಾಸ್ತಿ.

ನೀನಾಸಂ ತಿರುಗಾಟದ ತಂಡ 1985ರಿಂದ ಊರೂರು ಸುತ್ತುತ್ತಿದೆ. ನಿಮ್ಮ ಕಡೆ ಬಂದಾಗ ತಪ್ಪದೆ ನಾಟಕ ನೋಡಿ. ಮುಗಿದ ಮೇಲೆ ನಟರೇ ಸೆಟ್ ಬಿಚ್ಚುತ್ತಿರುತ್ತಾರೆ, ನೀವೂ ಒಂದು ಕೈ ಹಾಕಿ. ಕೋರ್ಸಿನ ಬಗ್ಗೆ, ಅರ್ಜಿ ಮತ್ತು ಸಂದರ್ಶನದ ಬಗ್ಗೆ ಅವರನ್ನೇ ಕೇಳಿ.