ಟೋಪಿಗೂ ಪೇಟೆಂಟಾ?

ಪ್ರಶ್ನೆ: ಅಮ್ಮನಿಗೆ ಹಾಕಿದ ಕೃತಕ ಸೊಂಟದ ಕೀಲಿಗೆ ಪೇಟೆಂಟ್ ಇದೆಯಂತೆ, ಸರಿ. ನನ್ನ ಟೋಪಿಯ ಒಳಪಟ್ಟಿಯಲ್ಲೂ ಪೇಟೆಂಟ್ ನಂಬರ್ ಇದೆಯಲ್ಲ, ಯಾಕೆ?

ಉತ್ತರ: ಪೇಟೆಂಟ್ (ಕೆಲವು ವರ್ಷ ಬೇರೆಯವರು ನಕಲು ಮಾಡದಂತೆ ತಡೆಯೋ ಹಕ್ಕು) ಇರೋದು ಟೋಪಿಗಲ್ಲ, ಅದರಲ್ಲಿರೋ ಹೊಸ ಉಪಾಯಕ್ಕೆ. ನನ್ನ ಟೋಪಿಯ ಹಿಂದೆ ಚರ್ರಂತ ಬಿಚ್ಚುವ ವೆಲ್ಕ್ರೋ ಪಟ್ಟಿ ಇದೆ. ನಾಯಿಯ ಮೈಗೆ ಅಂಟಿದ ಮುಳ್ಳುಕಾಯಿ ನೋಡಿ ಸ್ವಿಸ್ ಎಂಜಿನಿಯರ್ ಜಾರ್ಜ್ ಡಿ ಮೆಸ್ಟ್ರಾಲ್ ಕಂಡುಕೊಂಡ ಉಪಾಯ ಅದು. ಆ ಪೇಟೆಂಟ್ ಅವಧಿ ಯಾವತ್ತೋ ಮುಗಿದಿದೆ. ಈಗ ಅಂಥ ಪಟ್ಟಿ ಯಾರು ಬೇಕಾದರೂ ಮಾಡಬಹುದು.

ಇನ್ನು ಕೃತಕ ಸೊಂಟದ ಕೀಲಿನಲ್ಲಿ ಸವೆತವೇ ದೊಡ್ಡ ತಲೆನೋವು. ಬ್ರಿಟನ್ನಿನ ಮೂಳೆ ಸರ್ಜನ್ ಜಾನ್ ಚಾರ್ನ್‌ಲಿ ಮೊದಲು ಸೊಂಟದ ಕುಳಿಯಲ್ಲಿ ಟೆಫ್ಲಾನ್ ಬಟ್ಟಲು ಕೂರಿಸಿದರು. ಬೇಗ ಸವೆದುಹೋಯಿತು, ಪಾಪ. 1962ರಲ್ಲಿ ಪಾಲಿಎಥಿಲೀನ್ ಅನ್ನೋ ಪ್ಲಾಸ್ಟಿಕ್ಕಿನ ಬಟ್ಟಲು ಹಾಕಿದ ಮೇಲೆ ಗೆದ್ದರು. ಅದರೊಳಗೆ ತಿರುಗುವ ಲೋಹದ ಗುಂಡು ಸುಮಾರು 22 ಮಿಲಿಮೀಟರ್, ಅಷ್ಟೇ! ಅಂದಹಾಗೆ, ಪೇಟೆಂಟ್ ಅಂದರೆ ಹೊಸದು ಅಂತ. ಜಾಸ್ತಿ ಬಾಳಿಕೆ ಬರುತ್ತೆ ಅಂತಲ್ಲ.