ಗಾಡಿಯೂ ತಿಪ್ಪೆಯೂ: ಬೀದರ ಸೀಮೆಯ ಹಳ್ಳಿಗಳಲ್ಲಿ ಮನೆಯ ಕಸ

ಬೀದರ ಜಿಲ್ಲೆಯ ಹಳ್ಳಿಯೊಂದರಲ್ಲಿ ಮನೆ ಹಿಡಿಯಲಿರುವ ನೀವು, ಅಲ್ಲಿ ಕಸವನ್ನು ಯಾರಿಗೆ, ಹೇಗೆ ಕೊಡಬೇಕು ಎಂದು ಕೇಳಿದ್ದೀರಿ. ಅನೇಕ ಗ್ರಾಮ ಪಂಚಾಯಿತಿಗಳಲ್ಲಿ ಈಗ ‘ಸ್ವಚ್ಛ ವಾಹಿನಿ’ ಎಂಬ ಗಾಡಿ ಇದೆ. ಅದು ಓಣಿಗೆ ಬಂದಾಗ ಹಸಿ ಕಸವನ್ನೂ ಒಣ ಕಸವನ್ನೂ ಬೇರೆ ಬೇರೆ ಬುಟ್ಟಿಯಲ್ಲಿ ಕೊಡಬೇಕು ಎಂಬುದು ನೇರ ಉತ್ತರ. ಆದರೆ ಬೆಂಗಳೂರಿನ ಬಡಾವಣೆಯ ರೂಢಿಯನ್ನೇ ಮನಸ್ಸಿನಲ್ಲಿಟ್ಟುಕೊಂಡು ಬಂದರೆ ಇಲ್ಲಿಯ ಗಾಡಿಯ ಕೆಲಸ ನಿಮಗೆ ಅರ್ಥವಾಗುವುದಿಲ್ಲ. ಗಾಡಿ ಬರುವ ಮುಂಚೆಯೂ ಇಲ್ಲಿ ಒಂದು ವ್ಯವಸ್ಥೆ ಇತ್ತು, ಅದು ಇನ್ನೂ ಪೂರ್ತಿ ಅಳಿದಿಲ್ಲ.

ಔರಾದ, ಕಮಲನಗರ, ಭಾಲ್ಕಿ ಕಡೆಯ ಒಕ್ಕಲುತನದ ಮನೆಗಳಿಂದ ಕಸವೆಂದು ಹೊರಬೀಳುತ್ತಿದ್ದುದು ಬಹಳ ಕಡಿಮೆ. ಕಾಯಿಪಲ್ಲೆಯ ಸಿಪ್ಪೆ, ಮುಸುರೆ ಎಮ್ಮೆಗೆ ಹೋಗುತ್ತಿದ್ದವು. ಸೆಗಣಿ ಕುಳ್ಳು (ಬೆರಣಿ) ಆಗುತ್ತಿತ್ತು, ಇಲ್ಲವೇ ತಿಪ್ಪೆ ಸೇರುತ್ತಿತ್ತು. ಒಲೆಯ ಬೂದಿ ಪಾತ್ರೆ ತಿಕ್ಕಲು ಬರುತ್ತಿತ್ತು. ಹರಿದ ಸೀರೆ, ಧೋತರಗಳನ್ನು ಹೆಂಗಸರು ಕೌದಿಗೆ ಹೊಲಿಯುತ್ತಿದ್ದರು. ತುಕ್ಕು ಹಿಡಿದ ತಗಡು, ಮುರಿದ ಕುಡುಗೋಲು ಭಂಗಾರದವನ, ಅಂದರೆ ಗುಜರಿಯವನ, ಚೀಲಕ್ಕೆ ಬೀಳುತ್ತಿದ್ದವು. ಊರಂಚಿನಲ್ಲಿ ಒಂದೊಂದು ಮನೆತನಕ್ಕೂ ಹಿರಿಯರ ಕಾಲದಿಂದ ಬಂದ ತಿಪ್ಪೆಯ ಜಾಗವಿತ್ತು. ಬೇಸಿಗೆಯಲ್ಲಿ, ಮುಂಗಾರು ಮಳೆ ಹಿಡಿಯುವ ಮುನ್ನ, ಅಲ್ಲಿಯ ಗೊಬ್ಬರವನ್ನು ಬಂಡಿ ತುಂಬಿ ಹೊಲಕ್ಕೆ ಸಾಗಿಸುತ್ತಿದ್ದರು. ಈಗಲೂ ದನ ಕಟ್ಟಿದ ಮನೆಗಳಲ್ಲಿ ಇದು ನಡೆದಿದೆ, ಬಂಡಿಯ ಬದಲು ಟ್ರ್ಯಾಕ್ಟರ್ ಬಂದಿದೆ ಅಷ್ಟೆ.

ಈ ವ್ಯವಸ್ಥೆಯನ್ನು ಕೆಡಿಸಿದ್ದು ಪ್ಲಾಸ್ಟಿಕ್. ಶಾಂಪೂ, ಗುಟ್ಕಾ ಪಾಕೀಟುಗಳು, ಸಂತೆಯ ತೆಳು ಕ್ಯಾರಿಬ್ಯಾಗು, ಹಾಲಿನ ಪಾಕೀಟು, ಮಕ್ಕಳ ಡೈಪರ್ ಎಲ್ಲವೂ ಅದೇ ತಿಪ್ಪೆಗೆ ಬಿದ್ದು, ಗೊಬ್ಬರದ ಜೊತೆಗೇ ಹೊಲ ಸೇರಿದವು. ಕುಂಟೆ ಹೊಡೆಯುವಾಗ ಅವು ಕುಂಟೆಗೆ ಸುತ್ತಿಕೊಳ್ಳುತ್ತವೆ. ಮಣ್ಣಿನೊಳಗೆ ಹಾಳೆ ಹಾಸಿದಂತೆ ಬಿದ್ದಲ್ಲಿ ನೀರು ಇಳಿಯುವುದಿಲ್ಲ. ಮೇಯಲು ಬಿಟ್ಟ ದನ ಕ್ಯಾರಿಬ್ಯಾಗು ನುಂಗಿ ಹೊಟ್ಟೆ ಉಬ್ಬಿ ಸಾಯುವುದೂ ಉಂಟು. ಕರ್ನಾಟಕದಲ್ಲಿ 2016ರಲ್ಲೇ ಪ್ಲಾಸ್ಟಿಕ್ ಚೀಲಗಳ ಮೇಲೆ ನಿಷೇಧ ಬಂತು, 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳು ದೇಶದಾದ್ಯಂತ ನಿಷೇಧಗೊಂಡವು. ಹಾಗಿದ್ದರೂ ನಮ್ಮ ಸಂತೆಗಳಿಗೆ ಮಹಾರಾಷ್ಟ್ರದ ಉದಗೀರ ಕಡೆಯಿಂದಲೂ ತೆಲಂಗಾಣದ ಜಹೀರಾಬಾದ್ ಕಡೆಯಿಂದಲೂ ವ್ಯಾಪಾರಿಗಳು ಬರುವುದರಿಂದ, ಒಂದು ಜಿಲ್ಲೆಯ ಅಧಿಕಾರಿಗಳು ಮಾತ್ರ ಬಿಗಿ ಮಾಡಿದರೆ ಇಲ್ಲಿ ಹೆಚ್ಚು ಪ್ರಯೋಜನವಾಗುವುದಿಲ್ಲ.

2014ರ ಅಕ್ಟೋಬರ್ 2ರಂದು ಆರಂಭವಾದ ಸ್ವಚ್ಛ ಭಾರತ ಅಭಿಯಾನವು ಹಳ್ಳಿಗಳಲ್ಲಿ ಮೊದಲು ಶೌಚಾಲಯಕ್ಕೇ ಒತ್ತು ಕೊಟ್ಟಿತ್ತು. ಕಸ ಮತ್ತು ಬಚ್ಚಲ ನೀರಿನ ವಿಚಾರ ಮುಖ್ಯವಾದದ್ದು 2020–21ರಿಂದ ಶುರುವಾದ ಎರಡನೇ ಹಂತದಲ್ಲಿ. ಆ ಹಂತದ ಲೆಕ್ಕದಂತೆ 5,000 ಜನಸಂಖ್ಯೆಯವರೆಗಿನ ಊರಿಗೆ ಘನತ್ಯಾಜ್ಯದ ಕೆಲಸಕ್ಕೆ ತಲೆಗೆ 60 ರೂಪಾಯಿಯವರೆಗೆ, ಅದಕ್ಕಿಂತ ದೊಡ್ಡ ಊರಿಗೆ 45 ರೂಪಾಯಿಯವರೆಗೆ, ಹಾಗೂ ತಾಲ್ಲೂಕಿಗೊಂದು ಪ್ಲಾಸ್ಟಿಕ್ ಘಟಕಕ್ಕೆ 16 ಲಕ್ಷ ರೂಪಾಯಿಯವರೆಗೆ ಅನುದಾನ ಗೊತ್ತಾಗಿತ್ತು. 2,000 ಜನರಿರುವ ಊರಿಗೆ ಇದು 1,20,000 ರೂಪಾಯಿ ಆಯಿತು. ಬುಟ್ಟಿ, ಶೆಡ್ಡು ಮುಂತಾದವುಗಳಿಗೆ ಇದು ನೆರವಾಗಬಹುದು, ಆದರೆ ಪ್ರತಿ ತಿಂಗಳ ಇಂಧನ, ರಿಪೇರಿ, ಕೆಲಸಗಾರರ ಸಂಬಳ ಪಂಚಾಯಿತಿಯ ಹೆಗಲಿಗೇ ಬರುತ್ತದೆ. ಗಾಡಿ ಕೊಟ್ಟ ಮೇಲೆ ಕೆಲಸ ಮುಗಿಯಿತೆಂದು ತಿಳಿದ ಕಡೆಗಳಲ್ಲಿ ಅದು ಪಂಚಾಯಿತಿ ಕಟ್ಟಡದ ಮುಂದೆ ನಿಂತು ಧೂಳು ತಿನ್ನುತ್ತಿರುವುದನ್ನು ನೀವೂ ನೋಡುವಿರಿ.

ನಡೆದಿರುವ ಕಡೆ ಚೆನ್ನಾಗಿಯೇ ನಡೆದಿದೆ, ಮತ್ತು ಅದಕ್ಕೆ ಕಾರಣ ಹೆಣ್ಣುಮಕ್ಕಳು. ನಮ್ಮ ರಾಜ್ಯದಲ್ಲಿ ಈ ಕೆಲಸವನ್ನು ಸ್ವಸಹಾಯ ಸಂಘಗಳ ಗ್ರಾಮ ಪಂಚಾಯಿತಿ ಮಟ್ಟದ ಒಕ್ಕೂಟಗಳಿಗೆ ಒಪ್ಪಿಸಲಾಗಿದ್ದು, ಸಂಘದ ಮಹಿಳೆಯರೇ ತರಬೇತಿ ಪಡೆದು ಗಾಡಿ ಓಡಿಸುತ್ತಾರೆ. ಗಡಿಯ ಊರಿನಲ್ಲಿ ಇದರ ಪ್ರಯೋಜನ ಇನ್ನೂ ದೊಡ್ಡದು. ಒಂದೇ ಓಣಿಯಲ್ಲಿ ಕನ್ನಡ, ಮರಾಠಿ, ದಖನಿ ಮಾತಾಡುವ ಮನೆಗಳಿರುತ್ತವೆ, ತಾಂಡಾದಲ್ಲಿ ಲಂಬಾಣಿ ಮಾತು; ಮೈಕಿನಲ್ಲಿ ಬರುವ ಅಚ್ಚುಕಟ್ಟಾದ ಕನ್ನಡದ ಪ್ರಕಟಣೆ ಅರ್ಧ ಜನರಿಗೆ ತಾಗುವುದಿಲ್ಲ. ಗಾಡಿ ನಡೆಸುವ ಅಕ್ಕ ಅದೇ ಊರಿನವಳಾದ್ದರಿಂದ ಯಾವ ಬಾಗಿಲಿನಲ್ಲಿ ಯಾವ ಮಾತು ಆಡಬೇಕೆಂದು ಅವಳಿಗೆ ಗೊತ್ತು, ಮತ್ತು ಡೈಪರನ್ನು ಹಸಿ ಕಸದಲ್ಲಿ ಹಾಕಿದ ಸೊಸೆಗೆ ಅತ್ತೆಯ ಮುಂದೆ ಮುಜುಗರವಾಗದಂತೆ ತಿಳಿಸಿ ಹೇಳುವುದೂ ಗೊತ್ತು. ಇಂಥ ಕೆಲಸಕ್ಕೆ ಸಿಗುವ ಹಣ ಕಡಿಮೆ, ಅದೂ ಕೆಲವು ಕಡೆ ತಡವಾಗಿ ಸಿಗುತ್ತದೆ ಎಂಬುದು ಬಹಳ ಬೇಸರದ ಸಂಗತಿ.

ಹೊತ್ತಿನ ವಿಷಯವನ್ನೂ ಹೇಳಬೇಕು. ಸೋಯಾಬೀನ್ ಕೊಯ್ಲು, ತೊಗರಿ ರಾಶಿ, ಕಳೆ ತೆಗೆಯುವ ದಿನಗಳಲ್ಲಿ ಬೆಳಿಗ್ಗೆ ರೊಟ್ಟಿ ಕಟ್ಟಿಕೊಂಡು ಎಲ್ಲರೂ ಹೊಲಕ್ಕೆ ಹೋಗಿಬಿಡುತ್ತಾರೆ. ಹತ್ತು ಗಂಟೆಗೆ ಬರುವ ಗಾಡಿಗೆ ಬರೀ ಬೀಗ ಕಾಣುತ್ತದೆ. ಹಾಗಾಗಿ ಸುಗ್ಗಿಯಲ್ಲಿ ನಸುಕಿಗೇ ಬರುವ ಪಂಚಾಯಿತಿಗಳಲ್ಲಿ ಕಸ ಸಿಗುತ್ತದೆ, ಕಚೇರಿಯ ವೇಳೆ ಹಿಡಿದ ಕಡೆ ಸಿಗುವುದಿಲ್ಲ. ಹಸಿ ಬುಟ್ಟಿ ಖಾಲಿ ಬಂದರೆ ಜನ ಸಹಕರಿಸುತ್ತಿಲ್ಲವೆಂದು ವರದಿ ಬರೆಯುವ ಅಧಿಕಾರಿಗಳೂ ಇದ್ದಾರೆ. ನನ್ನ ದೃಷ್ಟಿಯಲ್ಲಿ ದನವಿರುವ ಮನೆಯ ಹಸಿ ಬುಟ್ಟಿ ಖಾಲಿ ಇರುವುದೇ ಸರಿ. ಆ ಮನೆಯಿಂದ ಪ್ಲಾಸ್ಟಿಕ್ಕನ್ನು ಮಾತ್ರ ಬೇರ್ಪಡಿಸಿ ತಂದರೆ ತಿಪ್ಪೆ ಮೊದಲಿನಂತೆ ಶುದ್ಧ ಗೊಬ್ಬರವಾಗುತ್ತದೆ. ರೈತರು ಸ್ವಚ್ಛತೆಯ ಭಾಷಣಕ್ಕೆ ಕಿವಿಗೊಡದಿದ್ದರೂ ಹೊಲ ಕೆಡುತ್ತದೆಂಬ ಮಾತಿಗೆ ಕಿವಿಗೊಡುತ್ತಾರೆ.

ಸಂಗ್ರಹವಾದ ಒಣ ಕಸದಲ್ಲಿ ಬಾಟಲಿ, ರಟ್ಟು, ಕಬ್ಬಿಣ ಭಂಗಾರದ ಅಂಗಡಿಗೆ ಮಾರಾಟವಾಗುತ್ತವೆ. ಚಿಪ್ಸ್ ಪಾಕೀಟಿನಂಥ, ಪದರ ಪದರವಾಗಿ ಅಂಟಿಸಿದ ಪ್ಲಾಸ್ಟಿಕ್ಕನ್ನು ಯಾರೂ ಕೊಳ್ಳುವುದಿಲ್ಲ, ಶೆಡ್ಡಿನಲ್ಲಿ ರಾಶಿ ಬೀಳುವುದು ಅದೇ. ಪಕ್ಕದ ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ ಸೀಮೆಯಲ್ಲಿ ಸುಣ್ಣದಕಲ್ಲಿನ ಕಾರಣಕ್ಕೆ ಸಿಮೆಂಟ್ ಕಾರ್ಖಾನೆಗಳಿವೆ. ಸುಮಾರು 1,450 ಡಿಗ್ರಿ ಸೆಲ್ಸಿಯಸ್ ಕಾವಿನ ಅವುಗಳ ಭಟ್ಟಿಯಲ್ಲಿ ಇಂಥ ಪ್ಲಾಸ್ಟಿಕ್ಕನ್ನು ಕಲ್ಲಿದ್ದಲಿನ ಜೊತೆ ಇಂಧನವಾಗಿ ಉರಿಸಬಹುದು. ಕಸದಿಂದ ಇಂಧನ ತಯಾರಿಸುವ ಘಟಕದ 100 ಕಿಲೋಮೀಟರ್ ಒಳಗಿನ ಕಾರ್ಖಾನೆಗಳು ತಮ್ಮ ಇಂಧನದ ಕನಿಷ್ಠ ಶೇ 5ರಷ್ಟನ್ನು ಅದರಿಂದ ಪಡೆಯಬೇಕೆಂದು 2016ರ ಘನತ್ಯಾಜ್ಯ ನಿಯಮಗಳೇ ಹೇಳಿದ್ದವು. ಬೀದರ, ಕಲಬುರಗಿ, ಯಾದಗಿರಿ ಮೂರೂ ಜಿಲ್ಲೆಗಳ ಪಂಚಾಯಿತಿಗಳು ಸೇರಿ ಈ ದಾರಿಯನ್ನು ಗಟ್ಟಿ ಮಾಡಿಕೊಳ್ಳಬೇಕು. ಒಂದೊಂದು ಊರೂ ತನ್ನ ಪಾಡಿಗೆ ಮೂಟೆ ಕಟ್ಟಿಟ್ಟರೆ ಕೊನೆಗೆ ಯಾರೋ ಅದಕ್ಕೆ ಬೆಂಕಿ ಹಚ್ಚುತ್ತಾರೆ.

ಕೀಟನಾಶಕದ ಖಾಲಿ ಡಬ್ಬಿಗಳ ಬಗ್ಗೆ ವಿಶೇಷವಾಗಿ ಎಚ್ಚರವಿರಲಿ. ಹತ್ತಿ, ಭತ್ತ ಬೆಳೆಯುವ ಯಾದಗಿರಿ ಕಡೆಯಲ್ಲಿ ಇದು ಇನ್ನೂ ದೊಡ್ಡ ಸಮಸ್ಯೆ. ಅವನ್ನು ತೊಳೆದು ಮನೆ ಬಳಕೆಗೆ ಇಟ್ಟುಕೊಳ್ಳುವುದಾಗಲಿ ಹಳ್ಳಕ್ಕೆ ಎಸೆಯುವುದಾಗಲಿ ಅಪಾಯ. ಸೂಜಿ, ಬ್ಯಾಟರಿ, ಟ್ಯೂಬ್‌ಲೈಟುಗಳಂತೆ ಅವೂ ಅಪಾಯಕಾರಿ ಗೃಹತ್ಯಾಜ್ಯ. 2026ರ ಏಪ್ರಿಲ್ 1ರಿಂದ ಜಾರಿಯಾದ ಹೊಸ ನಿಯಮಗಳಂತೆ ಕಸವನ್ನು ಹಸಿ, ಒಣ, ನೈರ್ಮಲ್ಯ (ಡೈಪರಿನಂಥವು) ಮತ್ತು ವಿಶೇಷ ಕಾಳಜಿಯ (ಇಂಥ ಅಪಾಯಕಾರಿ) ಕಸ ಎಂದು ನಾಲ್ಕಾಗಿ ವಿಂಗಡಿಸಬೇಕು. ಎರಡು ಬುಟ್ಟಿಗೇ ಇನ್ನೂ ಒಗ್ಗಿಕೊಳ್ಳುತ್ತಿರುವ ಊರುಗಳಿಗೆ ಇದು ಸುಲಭವಲ್ಲ, ಆದರೂ ಈ ಡಬ್ಬಿಗಳ ದೃಷ್ಟಿಯಿಂದ ಬೇಕಾಗಿಯೇ ಇತ್ತು.

ಎಳ್ಳ ಅಮಾವಾಸ್ಯೆಗೆ ನಿಮ್ಮನ್ನು ಯಾರಾದರೂ ಹೊಲಕ್ಕೆ ಊಟಕ್ಕೆ ಕರೆದೇ ಕರೆಯುತ್ತಾರೆ. ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಉಂಡು ಬರುವಾಗ ನೀರಿನ ಬಾಟಲಿ, ಪ್ಲಾಸ್ಟಿಕ್ ಲೋಟಗಳನ್ನು ಹೊಲದಲ್ಲಿ ಬಿಡದೆ ಮನೆಗೆ ತನ್ನಿ.

ಮನೆ ಹಿಡಿದ ಕೂಡಲೇ ಗಾಡಿಯ ಅಕ್ಕನವರನ್ನು ಕಂಡು, ನಿಮ್ಮ ಓಣಿಗೆ ಯಾವ ದಿನ, ಎಷ್ಟು ಹೊತ್ತಿಗೆ ಬರುತ್ತಾರೆಂದು ಕೇಳಿಕೊಳ್ಳಿ. ಇಕ್ಕಟ್ಟಾದ ಗಲ್ಲಿಯಾದರೆ ಗಾಡಿ ಒಳಗೆ ಬರುವುದಿಲ್ಲ, ಅಗಸಿಯವರೆಗೆ (ಊರ ಬಾಗಿಲಿನವರೆಗೆ) ಬುಟ್ಟಿ ಒಯ್ಯಬೇಕಾದೀತು. ನಿಮ್ಮಲ್ಲಿ ದನ ಇರುವುದಿಲ್ಲವಾದ್ದರಿಂದ ಹಸಿ ಕಸವನ್ನು ನೆರೆಮನೆಯವರ ತಿಪ್ಪೆಗೆ ಹಾಕಬಹುದೇ ಎಂದು ವಿಚಾರಿಸಿ. ಅದರಲ್ಲಿ ಪ್ಲಾಸ್ಟಿಕ್ಕಿನ ಚೂರೂ ಇಲ್ಲವೆಂದು ಖಾತ್ರಿಯಾದರೆ ಯಾರೂ ಬೇಡವೆನ್ನುವುದಿಲ್ಲ. ಪಂಚಾಯಿತಿ ಗೊತ್ತುಮಾಡಿದ ತಿಂಗಳ ಶುಲ್ಕವನ್ನು ಬಾಡಿಗೆದಾರರೆಂದು ತಪ್ಪಿಸದೆ ಕೊಟ್ಟು ರಸೀದಿ ಪಡೆಯಿರಿ. ಗಾಡಿಯ ಡೀಸೆಲ್ಲಿಗೂ ಅಕ್ಕನವರ ಸಂಬಳಕ್ಕೂ ಆ ಹಣ ಬೇಕು.